ಗುರುಲಿಂಗಪ್ಪ ಪೆನ್‌ಡ್ರೈವ್ ಹಂಚಿದ್ದು

ಗುರುಲಿಂಗಪ್ಪ ಲಂಚ ತಿನ್ನುವವನಲ್ಲ ಎಂಬ ಸಂಗತಿ ನಮ್ಮ ಇಂಡಿ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕಾಗಿಯೇ ಅವನನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ಅವನಿಗಿನ್ನೂ ಎರಡು ವರ್ಷ ನೌಕರಿ ಇದೆ. ನಾನು ಅವನ ಪಕ್ಕದ ಮನೆಯ ಮುತ್ತುರಾಜ, ನಿಂಬೆಹಣ್ಣಿನ ವ್ಯಾಪಾರಿ. ನಡೆದದ್ದರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಎಷ್ಟಿದೆ ಎಂಬುದನ್ನು ನೀವೇ ನೋಡಿ ಹೇಳಿ.

ಗುರುಲಿಂಗಪ್ಪನ ಹತ್ತಿರ ಒಂದು ಲ್ಯಾಪ್‌ಟಾಪಿತ್ತು. ಹದಿಮೂರು ವರ್ಷದ ಹಿಂದೆ ಮಗಳು ಭಾಗ್ಯಜ್ಯೋತಿಯ ಓದಿಗೆಂದು ತಂದದ್ದು. ಓದು ಮುಗಿದು ಅವಳು ಶಾಲೆಯ ಟೀಚರಾದಳು, ಲ್ಯಾಪ್‌ಟಾಪು ಅಪ್ಪನ ಪಾಲಿಗೆ ಬಂತು. ಬೆಳಿಗ್ಗೆ ಎದ್ದು ಅದರ ಗುಂಡಿ ಒತ್ತಿ ಅವನು ಸ್ನಾನಕ್ಕೆ ಹೋಗುತ್ತಿದ್ದ. ಸ್ನಾನ, ಪೂಜೆ, ಎರಡು ಬಿಸಿರೊಟ್ಟಿ ಎಲ್ಲ ಮುಗಿಸಿ ಬಂದರೆ ಅದು ಸ್ವಾಗತ ಕೋರುವ ಹಂತಕ್ಕೆ ತಲುಪಿರುತ್ತಿತ್ತು. ಆಮೇಲೆ ಒಂದು ಫೋಟೋ ತೆರೆಯಬೇಕೆಂದರೆ ಗುಂಡಿ ಒತ್ತಿ ಪೇಪರ್ ಓದಬೇಕು. ಅದರ ಫ್ಯಾನಿನ ಸದ್ದು ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಕರೆಂಟ್ ಬಂದಿದೆಯೋ ಇಲ್ಲವೋ ಎಂಬುದನ್ನು ನಾವು ಆ ಸದ್ದಿನಿಂದಲೇ ತಿಳಿದುಕೊಳ್ಳುತ್ತಿದ್ದೆವು.

ಇಂಥದನ್ನು ಎತ್ತಿ ಬಿಸಾಡಬಾರದೇ ಎಂದು ನೀವು ಕೇಳಬಹುದು. ಬಿಸಾಡುವ ಹಾಗಿರಲಿಲ್ಲ. ಗುರುಲಿಂಗಪ್ಪನ ಮೂಲ ಊರು ಕೊಲ್ಹಾರ. ಹಳೇ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗುವ ಮೊದಲು ಸರ್ವೆಯವರು ಓಣಿ ಓಣಿ ತಿರುಗಿ, ಪ್ರತಿ ಮನೆಯ ಯಜಮಾನನನ್ನು ಅವನ ಬಾಗಿಲಲ್ಲೇ ನಿಲ್ಲಿಸಿ, ಮನೆ ನಂಬರು ಬರೆದ ಪಾಟಿಯನ್ನು ಕೈಗೆ ಕೊಟ್ಟು ಫೋಟೋ ತೆಗೆದಿದ್ದರು. ಶಾಲೆ ಮಕ್ಕಳು ಬರೆಯುವ ಪಾಟಿ. ಅದನ್ನು ಹೊತ್ತು ಸರ್ವೆಯವರ ಹಿಂದೆ ತಿರುಗಿದವರು ಗುರುಲಿಂಗಪ್ಪನ ಅಪ್ಪ. ಹಾಗಾಗಿ ಆ ಫೋಟೋಗಳ ಒಂದು ಪ್ರತಿ ಇವರ ಮನೆಯ ಟ್ರಂಕಿನಲ್ಲಿ ಉಳಿದಿತ್ತು. ಮುಂದೆ ಗುರುಲಿಂಗಪ್ಪ ಅವನ್ನೆಲ್ಲ ಸ್ಕ್ಯಾನ್ ಮಾಡಿಸಿ ಲ್ಯಾಪ್‌ಟಾಪಿಗೆ ಹಾಕಿಸಿದ. ಅದಾದ ಮರುವರ್ಷ ಟ್ರಂಕಿಗೆ ಗೆದ್ದಲು ಹಿಡಿದು ಫೋಟೋಗಳೆಲ್ಲ ಮಣ್ಣಾದವು. ಅಂದರೆ ಹಳೇ ಕೊಲ್ಹಾರ ಎಂಬ ಊರು ಈಗ ಇದ್ದದ್ದು ನೀರಿನ ಕೆಳಗೆ, ಅದನ್ನು ಬಿಟ್ಟರೆ ಈ ಲ್ಯಾಪ್‌ಟಾಪಿನ ಒಳಗೆ.

ಅಮಾವಾಸ್ಯೆಗೊಮ್ಮೆ ಅವನು ಅದನ್ನು ಹೆಗಲಿಗೇರಿಸಿಕೊಂಡು ಹೊಸ ಕೊಲ್ಹಾರಕ್ಕೆ ಹೋಗುತ್ತಿದ್ದ. ಜನ ಸುತ್ತ ನೆರೆದು ತಮ್ಮ ತಮ್ಮ ಬಾಗಿಲು ನೋಡುತ್ತಿದ್ದರು. ಅವರಲ್ಲಿ ಎಂದೂ ತಪ್ಪಿಸಿಕೊಳ್ಳದವಳು ಸುಂದರವ್ವ ಎಂಬ ಮುದುಕಿ. ಅವಳ ಗಂಡ ಮಾನಪ್ಪ ಸತ್ತು ಇಪ್ಪತ್ತು ವರ್ಷವಾಗಿದೆ. ಅವನದು ಬೇರೆ ಒಂದೂ ಫೋಟೋ ಇಲ್ಲ. ನೂರ ನಲವತ್ಮೂರನೇ ನಂಬರಿನ ಬಾಗಿಲಲ್ಲಿ ಪಾಟಿ ಹಿಡಿದು ನಿಂತಿದ್ದಾನಲ್ಲ, ಅಷ್ಟೇ. ಅಲ್ಲೂ ಅವನು ಕ್ಯಾಮೆರಾ ನೋಡುತ್ತಿಲ್ಲ, ನಂಬರು ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಪಾಟಿಯನ್ನೇ ನೋಡುತ್ತಿದ್ದಾನೆ.

ಕಳೆದ ಬೇಸಿಗೆಯ ಒಂದು ಅಮಾವಾಸ್ಯೆಗೆ ಆ ಲ್ಯಾಪ್‌ಟಾಪು ಕೈಕೊಟ್ಟಿತು. ನೂರಾರು ಜನ ಕೂತಿದ್ದರು. ಗುರುಲಿಂಗಪ್ಪ ಗುಂಡಿ ಒತ್ತಿದ್ದೇ ಒತ್ತಿದ್ದು, ಪರದೆಯ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು. ಅವನ ಕಾಕಾನ ಮಗ ಪರಸಪ್ಪ, ಅಲ್ಲೇ ಕೊಲ್ಹಾರದವನು, ಎಲ್ಲರೆದುರು ಅಂದ: "ಅಣ್ಣಾ, ಹಿನ್ನೀರು ಇಳದು ಹಳೇ ಊರ ತಾನಾಗೇ ಮ್ಯಾಲ ಬರ್ತೈತಿ, ನಿನ್ನ ಲ್ಯಾಪ್‌ಟಾಪ್ ಮಾತ್ರ ತೆರಿಯೂದಿಲ್ಲ ನೋಡು."

ಜನ ನಕ್ಕು ಎದ್ದು ಹೋದರು. ಸುಂದರವ್ವ ಮಾತ್ರ ಕೊನೇ ಬಸ್ಸಿನವರೆಗೂ ಕೂತಿದ್ದಳು. ಕೊನೆಗೆ "ಬರೂ ಅಮಾಸಿಗೆ ನೋಡಿದ್ರಾತು ಬಿಡ್ರಿ" ಎಂದು ಎದ್ದಳು. ಗುರುಲಿಂಗಪ್ಪನ ಮುಖಕ್ಕೆ ರಕ್ತ ನುಗ್ಗಿತು. "ಯವ್ವಾ, ಬರೂ ಅಮಾಸಿಗೆ ನೀ ಕಣ್ ಮುಚ್ಚಿ ತೆಗಿಯೂದ್ರಾಗ ಮಾನಪ್ಪನ್ನ ನಿನ್ನ ಮುಂದ ನಿಂದರಸ್ತೇನಿ. ಇದು ನನ್ನ ಮಾತು" ಎಂದುಬಿಟ್ಟ. ಮೂವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದವನು ಗಡುವು ಹಾಕಿಕೊಂಡು ಮಾತು ಕೊಟ್ಟದ್ದು ಅದೇ ಮೊದಲು.

ಇಂಡಿ ಬಸ್ ಸ್ಟ್ಯಾಂಡಿನ ಹತ್ತಿರ ಮಹಮ್ಮದಹನೀಫನ ರಿಪೇರಿ ಅಂಗಡಿ ಇದೆ. ಅವನು ಲ್ಯಾಪ್‌ಟಾಪು ತಿರುಗಿಸಿ ಮುರುಗಿಸಿ ನೋಡಿದ.

"ಮುದುಕಾಗೈತ್ರಿ, ಆದ್ರ ಸತ್ತಿಲ್ಲ. ಒಳಗಿನ ಡಿಸ್ಕ್ ತಗದು ಎಸ್‌ಎಸ್‌ಡಿ ಅನ್ನೂ ಹೊಸಾ ನಮೂನಿ ಡಿಸ್ಕ್ ಹಾಕ್ತೇನಿ, ಹೊಸ ವಿಂಡೋಸ್ ಹಾಕ್ತೇನಿ. ನಾಕ್ ಸೆಕೆಂಡಿಗೆ ತೆರಿತೈತಿ. ಹಳೇ ಡಿಸ್ಕ್ ಮಾತ್ರ ಯಾವಾಗ ಹೋಗ್ತೈತೋ ಹೇಳಾಕ ಬರೂದಿಲ್ಲ. ಮೊದಲ ನಿಮ್ಮ ಫೈಲ್ ಎಲ್ಲಾ ಪೆನ್‌ಡ್ರೈವಿಗೆ ತಗೋರಿ. ಒಂದ ಕಡೆ ಇಡಬ್ಯಾಡ್ರಿ, ಮೂರ್ನಾಕ್ ಕಡೆ ಇಡ್ರಿ. ಮತ್ತ ಕಂಡ ಕಂಡ ಕಂಪ್ಯೂಟರಿಗೆ ಚುಚ್ಚಾಕ ಕೊಡಬ್ಯಾಡ್ರಿ, ವೈರಸ್ ಹೊಕ್ಕೋತಾವು."

ಹನೀಫ ಹೇಳಿದ ಒಂದೊಂದು ಮಾತೂ ಸರಿ. ಗುರುಲಿಂಗಪ್ಪ ಕೇಳಿಸಿಕೊಂಡದ್ದೂ ಸರಿ. ಆದರೆ ಆ ಮಾತುಗಳು ಹೊಕ್ಕಿದ್ದು ನಮ್ಮ ಕಡೆಯ ತಲೆಯೊಳಗೆ. ನಮ್ಮಲ್ಲಿ ಮಣ್ಣಿನ ಮಾಳಿಗೆ ಬಿಚ್ಚಿ ಹೊಸದಾಗಿ ಹಾಕಿಸುವಾಗ ಮನೆಯ ಸಾಮಾನನ್ನೆಲ್ಲ ಬಂಧುಬಳಗದ ಮನೆಗಳಿಗೆ ಹಂಚಿ ಇಡುತ್ತೇವೆ. ಜೋಳದ ಚೀಲ ಒಬ್ಬರ ಮನೆಗೆ, ಟ್ರಂಕು ಇನ್ನೊಬ್ಬರ ಮನೆಗೆ, ತಾಮ್ರದ ಹಂಡೆ ಮತ್ತೊಬ್ಬರ ಮನೆಗೆ. ಮೂರ್ನಾಲ್ಕು ಕಡೆ ಇಡುವುದೆಂದರೆ ಗುರುಲಿಂಗಪ್ಪನಿಗೆ ಗೊತ್ತಿದ್ದ ಕ್ರಮ ಇದೊಂದೇ. ಒಂದು ಜೋಳದ ಚೀಲದ ನಾಲ್ಕು ಪ್ರತಿ ಮಾಡಿ ನಾಲ್ಕೂ ಮನೆಗೆ ಕೊಟ್ಟವರನ್ನು ಅವನು ಕಂಡಿರಲಿಲ್ಲ. ಭಾಗ್ಯಜ್ಯೋತಿ ಮನೆಯಲ್ಲಿದ್ದಿದ್ದರೆ ಒಂದು ಮಾತು ಹೇಳಿ ತಿದ್ದುತ್ತಿದ್ದಳು. ಅವಳು ಹದಿನೈದು ದಿನದ ಟ್ರೇನಿಂಗಿಗೆ ವಿಜಯಪುರಕ್ಕೆ ಹೋಗಿದ್ದಳು.

ಹೀಗಾಗಿ ಗುರುಲಿಂಗಪ್ಪ ನಾಲ್ಕು ಪೆನ್‌ಡ್ರೈವ್ ತಂದು, ಮೂರು ದಿನ ಕೂತು, ತನ್ನ ಹದಿಮೂರು ವರ್ಷದ ಕಡತಗಳನ್ನು ನಾಲ್ಕು ಭಾಗ ಮಾಡಿದ. ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ. ಮದುವೆ ಮುಂಜಿಯ ಫೋಟೋಗಳು ಒಂದು, ಮಗಳ ಸರ್ಟಿಫಿಕೇಟು ಮತ್ತು ಮನೆಯ ಕಾಗದಪತ್ರ ಇನ್ನೊಂದು, ಹಳೇ ಕೊಲ್ಹಾರ ಮೂರನೆಯದು, ಉಳಿದದ್ದೆಲ್ಲ ನಾಲ್ಕನೆಯದು. ಹೆಂಡತಿ ರುಕ್ಮವ್ವ ಹಳೇ ಖಣದ, ಅಂದರೆ ಕುಪ್ಪಸದ ಬಟ್ಟೆಯ, ತುಂಡಿನಿಂದ ನಾಲ್ಕು ಪುಟ್ಟ ಚೀಲ ಹೊಲಿದು, ಬಾಯಿಗೆ ದಾರ ಕಟ್ಟಿಕೊಟ್ಟಳು.

ಲ್ಯಾಪ್‌ಟಾಪು ಹನೀಫನ ಅಂಗಡಿ ಸೇರಿತು, ಆ ಭಾನುವಾರ ಹಂಚಿಕೆ ಶುರುವಾಯಿತು. ಮೊದಲು ಸಿಂದಗಿಗೆ, ರುಕ್ಮವ್ವನ ತಮ್ಮ ಸಂಗಮೇಶನ ಮನೆಗೆ. ಸಂಗಮೇಶನದು ಹಿಟ್ಟಿನ ಗಿರಣಿ. ಗುರುಲಿಂಗಪ್ಪ ಅವನನ್ನು ಗಿರಣಿಯ ಹಿಂದಕ್ಕೆ ಕರೆದೊಯ್ದು ಖಣದ ಚೀಲ ಕೈಗಿಟ್ಟ.

"ಇದನ್ನ ಯಾರಿಗೂ ತೋರಸಬ್ಯಾಡ. ನೀನೂ ತಗದು ನೋಡಬ್ಯಾಡ. ನಾ ಕೇಳೂತನಕ ನಿನ್ನ ಕಡೆ ಇರ್ಲಿ."

"ಏನೈತಿ ಮಾಮಾ ಇದ್ರಾಗ?"

"ನನ್ನ ಜಲ್ಮದ ಗಳಿಕಿ."

ವೈರಸ್ ಎಂದರೇನು ಎಂದು ವಿವರಿಸುವುದು ಉದ್ದದ ಕೆಲಸ, ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೆ ಅಷ್ಟಕ್ಕೇ ಬಿಟ್ಟೆ ಎಂದು ಗುರುಲಿಂಗಪ್ಪ ಆಮೇಲೆ ನನಗೆ ಹೇಳಿದ. ಅದೇ ಮಾತನ್ನು ಅವನು ಬಸವನ ಬಾಗೇವಾಡಿಯಲ್ಲಿ ತಂಗಿಗೆ ಹೇಳಿದ. ಕೊಲ್ಹಾರದಲ್ಲಿ ಪರಸಪ್ಪನಿಗೆ ಹೇಳಿದ. ಊರು ಮರಳಿದ ಮೇಲೆ ನನ್ನ ಅಂಗಡಿಗೆ ಬಂದು, ನಿಂಬೆಹಣ್ಣಿನ ಚೀಲಗಳ ಮರೆಗೆ ನಿಂತು ನನಗೂ ಒಂದು ಕೊಟ್ಟ.

"ಇದ್ರಾಗ ಏನೈತಿ?" ಎಂದೆ.

"ಇತರೆ."

ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದ ನೆರೆಮನೆಯವನಿಗೆ ಇತರೆಯೇ?

ಎರಡನೇ ದಿನ ಸಿಂದಗಿಯಿಂದ ಸಂಗಮೇಶನ ಫೋನ್ ಬಂತು. ದನಿ ಇಳಿಸಿ ಕೇಳಿದ: "ಮುತ್ತಣ್ಣಾ, ನಮ್ಮ ಮಾಮಾನ ಕಡೆ ಎಲ್ಲಾ ಛಲೋ ಐತೇನು?"

"ಐತಲ್ಲ. ಯಾಕ?"

"ಏನಿಲ್ಲ. ನನ್ನ ಕಡೆ ಒಂದ ಚೀಲ ಕೊಟ್ಟು ಹೋಗ್ಯಾನ."

"ನನಗೂ ಕೊಟ್ಟಾನ."

"ಬಾಗೇವಾಡಿಗೂ ಕೊಟ್ಟಾನ, ಕೊಲ್ಹಾರಕ್ಕೂ ಕೊಟ್ಟಾನ. ಈಗ ಫೋನ್ ಮಾಡಿ ಕೇಳಿದ್ನಿ."

ಇಬ್ಬರೂ ಲೆಕ್ಕ ಹಾಕಿದೆವು. ಸರ್ಕಾರಿ ನೌಕರ, ನಿವೃತ್ತಿ ಹತ್ತಿರ, ನಾಲ್ಕು ಊರಿನ ನಾಲ್ಕು ಮನೆಯಲ್ಲಿ ಗುಟ್ಟಾಗಿ ಚೀಲ. ಇದರ ಅರ್ಥ ಏನೆಂದು ಪೇಪರ್ ಓದುವ ಯಾರಿಗಾದರೂ ತಿಳಿಯುತ್ತದೆ. ರೇಡು ಎಂಬ ಶಬ್ದವನ್ನು ಮೊದಲು ಆಡಿದವನು ಸಂಗಮೇಶ ಎಂದು ನಾನು ಹೇಳುತ್ತೇನೆ. ಅವನು ನನ್ನ ಹೆಸರು ಹೇಳುತ್ತಾನೆ. ಈ ವಿಷಯದಲ್ಲಿ ನಮಗಿನ್ನೂ ಒಮ್ಮತವಿಲ್ಲ.

ಸುದ್ದಿ ಗುಟ್ಟಾಗಿಯೇ ಹರಡಿತು, ಅಂದರೆ ಬಹಳ ಬೇಗ ಹರಡಿತು. ಸಿಂದಗಿಯಲ್ಲಿ ಚೀಲದಲ್ಲಿದ್ದದ್ದು ಲಾಕರಿನ ಕೀಲಿ. ಬಾಗೇವಾಡಿಯಲ್ಲಿ ಅದು ವಜ್ರ. ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ಗುರುಲಿಂಗಪ್ಪನಿಗೆ ಪುಣೆಯಲ್ಲಿ ಎರಡು ಬಂಗಲೆ ಆಗಿದ್ದವು.

ನಾವು ಅವನನ್ನು ತುಚ್ಛವಾಗಿ ಕಂಡೆವು ಎಂದುಕೊಳ್ಳಬೇಡಿ. ತದ್ವಿರುದ್ಧ. ಮೂವತ್ತೈದು ವರ್ಷ ಯಾರಿಗೂ ಗೊತ್ತಾಗದ ಹಾಗೆ ತಿಂದು, ಹಳೇ ಚಪ್ಪಲಿ ಹಾಕಿಕೊಂಡು ತಿರುಗಿದನಲ್ಲ, ಎಂಥ ತಾಳ್ಮೆ ಎಂದು ಊರು ಬೆರಗಾಯಿತು. ಚಹಾದಂಗಡಿಯವನು ಅವನು ಬಂದರೆ ಕುರ್ಚಿ ಒರೆಸತೊಡಗಿದ. ಕಚೇರಿಯಲ್ಲಿ ಸಾಹೇಬರೇ ಅವನನ್ನು ಕಂಡು ಅರ್ಧ ಎದ್ದರಂತೆ. ಮೂವತ್ತೈದು ವರ್ಷ ಪ್ರಾಮಾಣಿಕನಾಗಿದ್ದಾಗ ಸಿಗದ ನಮಸ್ಕಾರಗಳೆಲ್ಲ ಒಂದೇ ವಾರದಲ್ಲಿ ಅವನಿಗೆ ಸಂದವು.

ಗುರುಲಿಂಗಪ್ಪ ಇದಕ್ಕೆ ತನ್ನದೇ ಕಾರಣ ಹುಡುಕಿಕೊಂಡಿದ್ದ. "ನೋಡು ಮುತ್ತು, ಎಸ್‌ಎಸ್‌ಡಿ ಹಾಕಸ್ತೇನಿ ಅಂದ ಕೂಡ್ಲೆ ಜನ ಹೆಂಗ ಮರ್ಯಾದಿ ಕೊಡಾಕತ್ತಾರ. ಇದು ಟೆಕ್ನಾಲಜಿ ಕಾಲ" ಎಂದ. ನಾನು ಅವನ ಧೈರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಗುರುವಾರ ಯಂಕಂಚಿಯಿಂದ ಸಿದ್ದರಾಯ ಎಂಬುವವರು ಹೆಂಡತಿ ಸಮೇತ ಬಂದರು. ಎಂಟು ತಿಂಗಳ ಹಿಂದೆ ಭಾಗ್ಯಜ್ಯೋತಿಯನ್ನು ತಮ್ಮ ಮಗನಿಗೆಂದು ನೋಡಿ, ತಿಳಿಸುತ್ತೇವೆ ಎಂದು ಹೋದವರು, ಇಲ್ಲಿಯವರೆಗೂ ತಿಳಿಸಿರಲಿಲ್ಲ. ಈ ಸಲ ಹಣ್ಣಿನ ಬುಟ್ಟಿ ತಂದಿದ್ದರು. ಸಾಕ್ಷಿಗೆಂದು ನಾನೂ ಹೋಗಿ ಕೂತೆ.

"ನಮ್ಮದ ತಪ್ಪಾತ್ರಿ. ಹೋದ ಸಲ ನಿಮ್ಮ ಮನಿ ನೋಡಿ, ಸಾದಾ ಮಂದಿ ಅಂತ ತಿಳ್ಕೊಂಡಿದ್ವಿ" ಎಂದರು ಸಿದ್ದರಾಯ.

"ನಾವು ಸಾದಾ ಮಂದೀನ ಅದೇವ್ರಿ."

"ಹೊರಗ ಹಂಗ ಅನಬೇಕ್ರಿ" ಎಂದು ಸಿದ್ದರಾಯ ಕಣ್ಣು ಮಿಟುಕಿಸಿದರು. "ಒಳಗ ಭಾಳ ತುಂಬೇತಂತಲ್ರಿ?"

ಗುರುಲಿಂಗಪ್ಪನಿಗೆ ಖುಷಿಯಾಯಿತು. ಲ್ಯಾಪ್‌ಟಾಪಿನ ಬಗ್ಗೆ ಬೀಗರಾಗುವವರು ಇಷ್ಟು ಕಾಳಜಿಯಿಂದ ಕೇಳುತ್ತಾರೆಂದು ಅವನು ಎಣಿಸಿರಲಿಲ್ಲ. "ಭಾಳ ತುಂಬಿತ್ರಿ. ಹದಿಮೂರು ವರ್ಷದ್ದು. ಅಲುಗಾಡಾಕ ಜಾಗಾ ಇರ್ಲಿಲ್ಲ. ಈಗ ಎಲ್ಲಾ ತಗದು ನಾಕ್ ಮನ್ಯಾಗ ಹಂಚಿ ಇಟ್ಟೇನಿ. ಮೂಲದ್ದು ಪೂರಾ ಅಳಸಾಕ ಕೊಟ್ಟೇನಿ, ಒಂದ ಗುರ್ತೂ ಉಳಿಯೂದಿಲ್ಲ."

ಸಿದ್ದರಾಯ ಹೆಂಡತಿಯ ಮುಖ ನೋಡಿದರು. "ಏನ್ ಬಿಚ್ಚು ಮನಸಿನ ಮನಶಾ ನೋಡು. ಮುಚ್ಚುಮರಿ ಅನ್ನೂದ ಇಲ್ಲ" ಎಂದರು. ಅಮಾವಾಸ್ಯೆ ಕಳೆದ ಮೇಲೆ ನಿಶ್ಚಯಕ್ಕೆ ಬರುವುದೆಂದು ಮಾತಾಯಿತು.

ಇಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಶನಿವಾರ ಬೆಳಿಗ್ಗೆ ನಮ್ಮ ಓಣಿಗೆ ಬಿಳಿ ಬಣ್ಣದ ಸರ್ಕಾರಿ ಜೀಪು ಬಂತು. ನಾಲ್ಕು ಜನ ಇಳಿದರು. ಒಬ್ಬನ ಕೈಯಲ್ಲಿ ಪೆಟ್ಟಿಗೆ, ಇನ್ನೊಬ್ಬನ ಕೈಯಲ್ಲಿ ರಿಜಿಸ್ಟರು. ಗುರುಲಿಂಗಪ್ಪನ ಮನೆಯ ಮುಂದೆ ನಿಂತು ನಂಬರು ನೋಡಿದರು.

ನಾನು ಸ್ನೇಹಿತ. ಸ್ನೇಹಿತ ಮಾಡಬೇಕಾದದ್ದನ್ನೇ ಮಾಡಿದೆ. ಹಿತ್ತಲಿಗೆ ಓಡಿ ಮೂರು ಊರಿಗೂ ಫೋನ್ ಹಚ್ಚಿ, "ಬಂದಾರ! ಇಲ್ಲಿಂದ ನಿಮ್ಮ ಕಡೆನ ಬರ್ತಾರ! ಕೈಯಾಗ ಇದ್ದದ್ದು ಕೈಯಾಗ ಇಟ್ಕೋಬ್ಯಾಡ್ರಿ!" ಎಂದೆ. ಆಮೇಲೆ ನನ್ನ ಪಾಲಿನ ಚೀಲವನ್ನು ಅಲ್ಲೇ ಲಾರಿಗೆ ಲೋಡಾಗುತ್ತಿದ್ದ ನಿಂಬೆಹಣ್ಣಿನ ಮೂಟೆಯೊಂದರೊಳಗೆ ತುರುಕಿ ಬಾಯಿ ಹೊಲಿದೆ. ಲಾರಿ ದೆಹಲಿಗೆ ಹೊರಟಿತು. ಏದುಸಿರು ಬಿಡುತ್ತಾ ಮುಂದಿನ ಬಾಗಿಲಿಗೆ ಬಂದರೆ ರಿಜಿಸ್ಟರಿನವನು ನನ್ನನ್ನೇ ಕೇಳಿದ:

"ಯಜಮಾನ್ರ, ಎಮ್ಮಿ ಎಷ್ಟ ಅದಾವ್ರಿ ನಿಮ್ಮ ಮನ್ಯಾಗ? ಕಾಲುಬಾಯಿ ಬ್ಯಾನಿ ಲಸಿಕಿ ಹಾಕಾಕ ಬಂದೇವಿ."

ಎರಡು ಅದಾವ್ರಿ ಎಂದೆ. ಬೇರೆ ಏನು ಹೇಳಲು ಸಾಧ್ಯವಿತ್ತು? ಮತ್ತೆ ಮೂರು ಊರಿಗೂ ಫೋನ್ ಹಚ್ಚಿದೆ, ಮೂರೂ ಸ್ವಿಚ್ ಆಫ್ ಆಗಿದ್ದವು. ಫೋನೂ ಒಂದು ಪುರಾವೆ ಎಂದು ಅವರಿಗೆ ಹೊಳೆದಿತ್ತು.

ಮರುದಿನ ಮಹಮ್ಮದಹನೀಫ ಲ್ಯಾಪ್‌ಟಾಪು ತಂದುಕೊಟ್ಟ. ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ನನ್ನೆದುರೇ ಗುಂಡಿ ಒತ್ತಿದ. ಒಂದು, ಎರಡು, ಮೂರು, ನಾಲ್ಕು. ತೆರೆಯಿತು. ಗುರುಲಿಂಗಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

"ನಿಮ್ಮ ನಸೀಬ್ ಛಲೋ ಐತ್ರಿ" ಎಂದ ಹನೀಫ. "ಹಳೇ ಡಿಸ್ಕ್ ಬಿಚ್ಚೂ ಮುಂದ ಕಟಕಟ ಅಂತು, ಅಷ್ಟರಾಗ ಸತ್ತು ಹೋತು. ನೀವು ಮೊದಲ ನಾಕ್ ಕಾಪಿ ಮಾಡಿ ಇಟ್ರಲ್ಲ, ಶಾಣ್ಯಾತನ. ಒಂದ ಕಾಪಿ ಹೋದ್ರೂ ಇನ್ನಾ ಮೂರು ಇರ್ತಾವು."

"ನಾಕ್ ಕಾಪಿ ಅಲ್ಲೋ, ನಾಕ್ ಭಾಗ" ಎಂದ ಗುರುಲಿಂಗಪ್ಪ. ಹನೀಫನ ಮುಖ ನೋಡಿದ ಮೇಲೆ, ಒಂದು ಹೋದರೆ ಅದರಲ್ಲಿದ್ದದ್ದೆಲ್ಲ ಹೋದಂತೆಯೇ ಎಂದು ಅವನಿಗೆ ಮೊದಲ ಬಾರಿ ಹೊಳೆಯಿತು. ಆ ಹೊತ್ತಿಗೆ ಸರಿಯಾಗಿ ಸಂಗಮೇಶನ ಫೋನ್ ಬಂತು, ಬೇರೆ ಯಾರದೋ ನಂಬರಿನಿಂದ.

"ಮಾಮಾ, ಚಿಂತಿ ಬಿಡು. ಚೀಲಾ ಜ್ವಾಳದ ಜೋಡಿ ಗಿರಣಿಗೆ ಹಾಕಿಬಿಟ್ಟೇನಿ. ಇನ್ನ ಯಾವ ಸಾಹೇಬ ಬಂದ್ರೂ ಸಿಗೂದಿಲ್ಲ. ಗಿರಣಿ ಕಲ್ಲ ಒಡೀತು, ಒಡೀಲಿ. ನಿನಗಿಂತ ಕಲ್ಲ ದೊಡ್ಡದೇನಲ್ಲ."

"ಗಿರಣಿಗೆ ಹಾಕಿದ್ಯಾ? ಯಾಕಲೇ?"

"ರೇಡ್ ಮಾಮಾ!"

"ಯಾರ ಮನಿ ಮ್ಯಾಲ ರೇಡೋ?"

"ನಿನ್ನ ಮನಿ ಮ್ಯಾಲ! ಮುತ್ತಣ್ಣನ ಫೋನ್ ಮಾಡಿದ್ನಲ್ಲ!"

ಗುರುಲಿಂಗಪ್ಪ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಐದು ನಿಮಿಷ ಹಿಡಿಯಿತು ಎಲ್ಲ ಬಿಡಿಸಿ ಹೇಳಲು.  ಆಮೇಲೆ ಸಂಗಮೇಶನ ದನಿ ಏರಿತು.

"ಅಂದ್ರ ನೀ ಏನೂ ತಿಂದಿಲ್ಲಾ?"

"ಇಲ್ಲಪಾ."

"ಮೂವತ್ತೈದ ವರ್ಷದಾಗ? ಒಂದ ಸಲನೂ?"

"ಇಲ್ಲೋ ಮಾರಾಯಾ."

"ಊರ ತುಂಬ ನಮ್ಮ ಮಾಮಾ, ನಮ್ಮ ಮಾಮಾ ಅಂತ ಎದಿ ಉಬ್ಬಿಸಿ ಹೇಳ್ಕೊಂಡ ತಿರಗೇನಿ. ಈಗ ಮಂದಿಗೆ ಏನ್ ಮಾರಿ ತೋರಸ್ಲಿ? ಮತ್ತ ನನ್ನ ಗಿರಣಿ ಕಲ್ಲು?"

ಬಾಗೇವಾಡಿಯ ತಂಗಿ ತನ್ನದನ್ನು ತಿಪ್ಪೆಯಲ್ಲಿ ಹುಗಿದಿದ್ದಳು. ಸಂಜೆ ಗಂಡ ಗೊತ್ತಿಲ್ಲದೆ ಆ ತಿಪ್ಪೆಗೊಬ್ಬರವನ್ನು ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆಲ್ಲ ಹರಡಿಸಿದ್ದ. ಅವಳೂ ಫೋನಿನಲ್ಲಿ ಅತ್ತಳು, ಅಣ್ಣ ಪ್ರಾಮಾಣಿಕ ಎಂದು ತಿಳಿದ ಮೇಲೆ ಇನ್ನಷ್ಟು ಅತ್ತಳು. ಯಂಕಂಚಿಯವರು ಸುದ್ದಿ ಕೇಳಿ ನಿಶ್ಚಯ ಮುಂದೂಡಿದರು. ಅವತ್ತೇ ಟ್ರೇನಿಂಗಿನಿಂದ ಮರಳಿದ್ದ ಭಾಗ್ಯಜ್ಯೋತಿ, "ಛಲೋ ಆತು ಬಿಡಪ್ಪಾ, ಕಳ್ಳನ ಮಗಳು ಅಂತ ಮಾಡ್ಕೊಳ್ಳಾಕ ಬಂದಿದ್ರು" ಎಂದಳು. ರುಕ್ಮವ್ವ ಮದುವೆಯ ಫೋಟೋಕ್ಕೆ ಅಷ್ಟೇನೂ ಮರುಗಲಿಲ್ಲ, ತವರಿನಲ್ಲಿ ಆಲ್ಬಮ್ಮಿದೆ ಎಂದಳು. ಸರ್ಟಿಫಿಕೇಟು, ಮನೆ ಕಾಗದಗಳ ಮೂಲಪ್ರತಿ ಬೀರುವಿನಲ್ಲಿದ್ದವು. ದೆಹಲಿಗೆ ಹೋದದ್ದು ಹಳೇ ಸರ್ಕಾರಿ ಸುತ್ತೋಲೆಗಳು, ಅವು ಅಲ್ಲಿಯವೇ.

ಆದರೆ ಹಳೇ ಕೊಲ್ಹಾರ? ಅದು ಬೇರೆಲ್ಲೂ ಇರಲಿಲ್ಲ. ಪರಸಪ್ಪನ ಫೋನ್ ಇನ್ನೂ ಬಂದ್ ಇತ್ತು. ಗುರುಲಿಂಗಪ್ಪ ನಾಲ್ಕು ಸೆಕೆಂಡಿಗೆ ತೆರೆಯುವ ಲ್ಯಾಪ್‌ಟಾಪನ್ನು ತೆರೆದು, ಖಾಲಿ ಪರದೆ ನೋಡಿ, ಮುಚ್ಚಿ, ಮತ್ತೆ ತೆರೆದು ನೋಡಿದ. ಕಣ್ಣಲ್ಲಿ ನೀರು ಬಂತು. "ಸುಂದರವ್ವಗ ಏನ್ ಹೇಳ್ಲೋ ಮುತ್ತು? ಗಂಡನ್ನ ತೋರಸ್ತೇನಿ ಅಂತ ಮಾತ ಕೊಟ್ಟೇನಿ" ಎಂದ. ನನಗೆ ನಾಚಿಕೆ ಕಡಿಮೆ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಆ ಹೊತ್ತು ಮಾತ್ರ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಳೆ ನಾನೂ ಬರ್ತೇನಿ ಎಂದೆ.

ಅಮಾವಾಸ್ಯೆಯ ದಿನ ಇಬ್ಬರೂ ಕೊಲ್ಹಾರದಲ್ಲಿ ಬಸ್ ಇಳಿದೆವು. ನಾನು ಮರ್ಯಾದೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ. ಅದೇ ತಪ್ಪಾಯಿತು. ಪರಸಪ್ಪ ಮನೆಯ ಮುಂದೆ ಬಲೆ ಹೆಣೆಯುತ್ತಾ ಕೂತಿದ್ದವನು ನಮ್ಮನ್ನು ಕಂಡು ಎದ್ದು ನಿಂತ.

"ನೀವು ಯಾರ್ರಿ? ನಿಮ್ಮ ಗುರ್ತ ನನಗಿಲ್ಲ" ಎಂದ, ಸ್ವಂತ ದೊಡ್ಡಪ್ಪನ ಮಗನಿಗೆ.

"ಪರಸಪ್ಪಾ, ನಾನೋ! ಆ ಚೀಲಾ ಎಲ್ಲೈತಿ?"

"ಯಾವ ಚೀಲಾ? ಹಾಂ, ಅದಾ? ಸೇತುವಿ ಮ್ಯಾಲ ನಿಂತು ಹೊಳಿಗೆ ಒಗದೇನಿ" ಎಂದು ನನ್ನತ್ತ ತಿರುಗಿ ಕೂಗಿದ. "ಬೇಕಾದ್ರ ನೀರಾಗಿಳದು ಹುಡುಕ್ರಿ ಸಾಹೇಬ್ರ!"

ಗುರುಲಿಂಗಪ್ಪ ಇದ್ದಲ್ಲೇ ಕುಸಿದು ಕೂತ. "ಎಂಥಾ ಕೆಲಸ ಮಾಡಿದ್ಯೋ ಪರಸ್ಯಾ. ಒಂದ ಸಲ ಮುಳುಗಿದ ಊರು. ಮತ್ತ ಅಲ್ಲೇ ಮುಳುಗಿಸಿದೆಲ್ಲೋ" ಎಂದ.

ಅಣ್ಣನ ಮುಖ ನೋಡಿ ಪರಸಪ್ಪನ ಮನಸ್ಸು ಅಳ್ಳಾಡಿತು. ಬಗ್ಗಿ ಕಿವಿಯಲ್ಲಿ, ನನಗೂ ಕೇಳುವ ಹಾಗೆ, "ಈ ಬಿಳಿ ಅಂಗಿ ಸಾಹೇಬ ಯಾರು?" ಎಂದ.

"ಸಾಹೇಬ ಅಲ್ಲೋ. ನಮ್ಮ ಬಾಜೂ ಮನಿ ಮುತ್ತು. ನಿಂಬಿಹಣ್ಣಿನಾಂವ."

ಪರಸಪ್ಪ ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದು ಮೂಸಿದ. ಎರಡನೇ ಕೈಯನ್ನೂ ಮೂಸಿದ. ಆಮೇಲಷ್ಟೇ ನಂಬಿದ.

"ಹೊಳಿಗೆ ಒಗದಿಲ್ಲಣ್ಣಾ. ಒಗ್ಯಾಕಂತ ಹೋಗಿದ್ನಿ, ಕೈ ಬರ್ಲಿಲ್ಲ. ಸುಂದರವ್ವನ ಮನ್ಯಾಗ ಇಟ್ಟು ಬಂದೇನಿ."

"ಆಕಿ ಮನ್ಯಾಗ ಯಾಕ?"

"ಅದಕ್ಕಿಂತ ಸುರಕ್ಷಿತ ಜಾಗಾ ಎಲ್ಲೈತಿ? ಗ್ವಾಡಿ ಬಿದ್ದತ್ರಿ, ಬಂದು ನೋಡ್ರಿ ಅಂತ ಹದಿನಾಕ್ ಅರ್ಜಿ ಕೊಟ್ಟಾಳ. ಇನ್ನೂತನಕ ಒಬ್ಬ ಅಧಿಕಾರಿ ಆಕಿ ಬಾಗಲಾ ತುಳದಿಲ್ಲ. ರೇಡಿನವರು ತುಳೀತಾರೇನು?"

ಸರ್ಕಾರದ ಬಗ್ಗೆ ಇಷ್ಟು ಆಳವಾದ ತಿಳಿವಳಿಕೆ ಪರಸಪ್ಪನಿಗಿದೆ ಎಂದು ನಾನು ಎಣಿಸಿರಲಿಲ್ಲ.

ಸುಂದರವ್ವನ ಮನೆ ಊರ ಕೊನೆಯ ಸಾಲಿನಲ್ಲಿದೆ. ಒಂದು ಗೋಡೆ ನಿಜಕ್ಕೂ ಅರ್ಧ ಬಿದ್ದಿತ್ತು. ಅವಳು ಅಂಗಳ ಗುಡಿಸುತ್ತಿದ್ದಳು. ವಿಷಯ ಕೇಳಿ, ಒಳಗಿನ ಗಡಿಗೆಯೊಂದರಿಂದ ಖಣದ ಚೀಲ ತಂದು ಗುರುಲಿಂಗಪ್ಪನ ಕೈಗಿಟ್ಟಳು. ದಾರದ ಗಂಟು ಹಾಗೇ ಇತ್ತು.

"ನಿನಗೂ ರೇಡಿನ ಸುದ್ದಿ ಹೇಳಿದ್ನೇನು ಪರಸಪ್ಪ?" ಎಂದು ಗುರುಲಿಂಗಪ್ಪ ತಲೆ ತಗ್ಗಿಸಿ ಕೇಳಿದ.

"ಹೇಳಿದಾ. ನಾ ಬಿದ್ದು ಬಿದ್ದು ನಕ್ಕೇನಿ. ರೊಕ್ಕಾ ತಿಂದ ಮನಶಾ ಆಗಿದ್ರ ಆ ಹಳೇ ಮಶೀನ್ ಹೊತ್ಗೊಂಡು ನಮ್ಮಂಥವರ ಬಾಗಲಿಗೆ ತಿಂಗಳಾ ತಿಂಗಳಾ ಯಾಕ ಬರ್ತಿದ್ದ ಅಂದ್ನಿ. ಇದ್ರಾಗ ಏನೈತಿ ಅಂತ ನಾ ಕೇಳ್ಲಿಲ್ಲ. ನಿಮ್ಮದಲ್ಲಾ ಅಂತ ಇಟ್ಕೊಂಡ್ನಿ."

ನಾಲ್ಕು ಊರಿನ ಅಷ್ಟೊಂದು ಜನರಲ್ಲಿ ಗುರುಲಿಂಗಪ್ಪ ತಿಂದವನಲ್ಲ ಎಂದು ನಂಬಿದ್ದು ಅವಳೊಬ್ಬಳೇ. ಇಪ್ಪತ್ತು ವರ್ಷದ ನೆರೆಯವನಾದ ನಾನು ನಂಬಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತಿದೆ.

ಗುರುಲಿಂಗಪ್ಪ ಕಣ್ಣೊರೆಸಿಕೊಂಡು, ಅಂಗಳದಲ್ಲಿದ್ದ ಮಂಚದ ಮೇಲೆ ಲ್ಯಾಪ್‌ಟಾಪು ಇಟ್ಟು, ಪೆನ್‌ಡ್ರೈವ್ ಚುಚ್ಚಿದ. "ಯವ್ವಾ, ಬಾ ಇಲ್ಲಿ. ಇದ್ರಾಗ ಏನೈತಿ ನೋಡು" ಎಂದ. ಅವಳು ಪೊರಕೆ ಹಿಡಿದುಕೊಂಡೇ ಬಂದು ಬಗ್ಗಿದಳು. ಒಂದು, ಎರಡು, ಮೂರು, ನಾಲ್ಕು. ನೂರ ನಲವತ್ಮೂರನೇ ಬಾಗಿಲಿನಲ್ಲಿ ಪಾಟಿ ಹಿಡಿದುಕೊಂಡು ಮಾನಪ್ಪ ನಿಂತುಬಿಟ್ಟ.

ಸುಂದರವ್ವ ಬೆಚ್ಚಿ ಹಿಂದೆ ಸರಿದಳು. ಪೊರಕೆ ಕೈಯಿಂದ ಜಾರಿತು.

"ಮುಚ್ಚರಿ! ಮೊದಲ ಮುಚ್ಚರಿ ಅದನ್ನ!"

ಗುರುಲಿಂಗಪ್ಪ ಗಾಬರಿಯಾಗಿ ಪಟ್ಟನೆ ಮುಚ್ಚಿದ. "ಯಾಕಬೇ? ಏನಾತು?"

"ಹಿಂಗ ಧಡಾರನ ಬಂದು ನಿಂತ್ರ ಹೆಂಗ್ರಿ?" ಎಂದಳು ಅವಳು, ಧೂಳು ಮೆತ್ತಿದ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಕಸಾ ಹೊಡಿಯೂ ಸೀರಿ ಮ್ಯಾಲ ಅದೇನಿ, ತಲಿ ಬಾಚ್ಕೊಂಡಿಲ್ಲ. ಇಷ್ಟ ವರ್ಷ ಅಂವ ಬರೂದ್ರಾಗ ನನಗ ಸೆರಗ ಸರಿ ಮಾಡ್ಕೊಳ್ಳಾಕ ಸ್ವಲ್ಪ ಹೊತ್ತ ಸಿಗ್ತಿತ್ತು. ಇಲ್ಲೇ ಕುಂದರ್ರಿ. ನಾ ಕರದಾಗ ತಗೀರಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು, ಆಮೇಲೆ ಟ್ರಂಕಿನ ಮುಚ್ಚಳ ತೆಗೆದ ಸದ್ದು. ಇಂಡಿಯಲ್ಲೇ ಎಲ್ಲಕ್ಕಿಂತ ಚುರುಕಾದ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು ಗುರುಲಿಂಗಪ್ಪ ಮಂಚದ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ. ಅವಳು ಕರೆಯುವವರೆಗೆ ನಾವಿಬ್ಬರೂ ಕಾದೆವು.